ಹತ್ತು ಉಸಿರು

ಹುಮನಾಬಾದ್ ದಾಟಿದ ಮೇಲೆ ಹೆದ್ದಾರಿಯಲ್ಲಿ ಲಾರಿಯೊಂದು ನಮ್ಮ ಕ್ರೂಸರ್ ಜೀಪನ್ನು ಸವರಿಕೊಂಡೇ ಹೋಯಿತು. ಡ್ರೈವರ್ ಗಾಡಿಯನ್ನು ಪಕ್ಕಕ್ಕೆಳೆದು ನಿಲ್ಲಿಸಿದ. ಲಾರಿಯವನನ್ನು ಬೈಯಲಿಲ್ಲ. ಎಂಜಿನ್ ಆರಿಸಿ, ಸ್ಟೇರಿಂಗ್ ಹಿಡಿದುಕೊಂಡೇ ಕಣ್ಣು ಮುಚ್ಚಿದ. ಹಿಂದಿನ ಸೀಟಿನಲ್ಲಿ ಕೂಸೊಂದು ಕಿರುಚುತ್ತಿತ್ತು.

ನಾನು ಗಡಿಯಾರ ನೋಡಿದೆ. "ತಡವಾಯ್ತು, ಬೇಗ ಬಿಡಪ್ಪ!" ಎಂದು ರೇಗಿದೆ.

"ಕೈ ನಡಗಾಕತ್ತಾವ್ರಿ ಸರ್. ಹತ್ತು ಉಸಿರು ಎಣಸ್ತೀನಿ, ಆಮ್ಯಾಲ ಬಿಡ್ತೀನಿ" ಎಂದ, ಕಣ್ಣು ತೆರೆಯದೆ.

ಅವನು ಎಣಿಸಿ ಮುಗಿಸುವಷ್ಟರಲ್ಲಿ ಕೂಸೂ ಸುಮ್ಮನಾಯಿತು. ನನ್ನ ಕಾಲು ಮಾತ್ರ ಅಲುಗಾಡುತ್ತಲೇ ಇತ್ತು.

ಜೀಪು ಹೊರಟ ಮೇಲೆ ಕನ್ನಡಿಯಲ್ಲೇ ನನ್ನನ್ನು ನೋಡಿ ಕೇಳಿದ: "ಬಸವಕಲ್ಯಾಣದಾಗ ಏನ್ರಿ ಸರ್, ಅಷ್ಟು ಅವಸರದ ಕೆಲಸ?"

ಬಿ.ಪಿ. ಏರಿದೆಯೆಂದು ಡಾಕ್ಟರು ಸೇರಲು ಹೇಳಿದ ಧ್ಯಾನದ ತರಗತಿಗೆ ಇವತ್ತು ನನ್ನ ಮೊದಲ ದಿನ.

"ಮದುವೆ ಇದೆ" ಎಂದೆ.