ಬೋಲ್ಟ್ ಹಾಕದ ಬೆಂಚು

ನನ್ನ ಗಂಡನ ಬಗ್ಗೆ ಹಿರಿಯೂರಿನಲ್ಲಿ ಎರಡು ಮಾತಿವೆ. ಓಬಳೇಶಪ್ಪನ ಕೈಗೆ ಹೋದರೆ ಸತ್ತ ಎಂಜಿನ್ನೂ ಕೆಮ್ಮಿಕೊಂಡು ಏಳುತ್ತದೆ ಅನ್ನುವುದು ಒಂದು. ಆ ಮನುಷ್ಯನಿಗೆ ಹುಷಾರು ಅನ್ನುವುದೇ ಇಲ್ಲ, ಅದಕ್ಕೇ ಬೆರಳು ಹೋದವು ಅನ್ನುವುದು ಇನ್ನೊಂದು. ಮೊದಲನೆಯದು ನಿಜ. ಎರಡನೆಯದರಲ್ಲಿ ಅರ್ಧ ಸುಳ್ಳಿದೆ, ಆ ಸುಳ್ಳಿನಲ್ಲಿ ನಾನಿದ್ದೇನೆ. ಊರವರು ಕೇಳುವುದಿಲ್ಲ, ನೀವಾದರೂ ಕೇಳಿ.

ಇವರು ಹುಟ್ಟಿದ್ದು ಧರ್ಮಪುರದ ಕಡೆ ಒಂದು ಹಳ್ಳಿಯಲ್ಲಿ. ಐಟಿಐನಲ್ಲಿ ಫಿಟ್ಟರ್ ಕಲಿತರು, ಹಿರಿಯೂರಿಗೆ ಬಂದು ಡೀಸೆಲ್ ಪಂಪ್‌ಸೆಟ್ ರಿಪೇರಿಗೆ ಕುಳಿತರು. ನಾನು ಮದುವೆಯಾಗಿ ಬಂದಾಗ ದಿನಕ್ಕೆ ನಾಲ್ಕು ಹೊಲ ಸುತ್ತುತ್ತಿದ್ದರು. ಹೊಲದ ಎಂಜಿನ್ ಹಟ ಹಿಡಿದು ನಿಲ್ಲದಿದ್ದರೆ ಅದು ಗಾಳಿ ಎಳೆಯುವ ಬಾಯಿಗೆ ಅಂಗೈ ಮುಚ್ಚಿಬಿಡುತ್ತಿದ್ದರು. ಉಸಿರು ಕಟ್ಟಿ ಎಂಜಿನ್ ಸುಮ್ಮನಾಗುತ್ತಿತ್ತು. ಇವರ ಅಂಗೈ ನೋಡಿದರೆ ಎಂಜಿನ್ನಿಗೂ ಹೆದರಿಕೆ ಅಂತ ರೈತರು ನಗುತ್ತಿದ್ದರು. ಆಮೇಲೆ ಎಲ್ಲರೂ ಕರೆಂಟ್ ಮೋಟರಿಗೆ ಹೋದರು. ಇವರು ಔಷಧಿ ಹೊಡೆಯುವ ಮಿಷನ್, ಕಳೆ ಕತ್ತರಿಸುವ ಮಿಷನ್ ರಿಪೇರಿ ಹಿಡಿದರು. ಶೇಂಗಾ ಹೊಲಕ್ಕೆ ಹುಳ ಬಿದ್ದ ವಾರ ಧರ್ಮಪುರದ ಬಸ್ಸಿಳಿದವರಲ್ಲಿ ಇಬ್ಬರಾದರೂ ಬೆನ್ನಿಗೆ ಮಿಷನ್ ಹೊತ್ತುಕೊಂಡು ನಮ್ಮ ಮನೆಗೇ ಬರುತ್ತಿದ್ದರು.

ಏಳು ವರ್ಷದ ಹಿಂದೆ ಚಿತ್ರದುರ್ಗದ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಮಾಡುವ ನಿರಂಜನ್ ಅನ್ನುವವರು ರಟ್ಟಿನ ಡಬ್ಬಿಯಲ್ಲಿ ಮುಷ್ಟಿ ಗಾತ್ರದ ಎಂಜಿನ್ ಇಟ್ಟುಕೊಂಡು ಬಂದರು. ಹುಡುಗರ ಜೊತೆ ಸೇರಿ ಹಾರಿಸುವ ಆಟದ ವಿಮಾನದ್ದಂತೆ. ಎಲ್ಲಿ ಕೊಟ್ಟರೂ ಸರಿಹೋಗಿಲ್ಲವಂತೆ. ಇವರು ಅದನ್ನು ತಿರುಗಿಸಿ, ಮೂಸಿ, ಕಿವಿಗೆ ಹಿಡಿದು ನೋಡಿದರು. ಮಾರನೇ ದಿನ ಅದು ಓಡಿತು. ಅಷ್ಟೇ, ನಮ್ಮ ಮನೆಗೆ ಶನಿ ವಕ್ಕರಿಸಿತು. ನಿರಂಜನ್ ಸ್ನೇಹಿತರು, ಸ್ನೇಹಿತರ ಸ್ನೇಹಿತರು ಕೊರಿಯರ್‌ನಲ್ಲಿ ಎಂಜಿನ್ ಕಳಿಸತೊಡಗಿದರು. ಇವರು ಬಿಚ್ಚಿ, ಜೋಡಿಸಿ, ಬೆಂಚಿನ ಮೇಲೆ ಓಡಿಸಿ, ಸರಿಯಿದೆ ಅಂತ ಚೀಟಿ ಬರೆದು ವಾಪಸ್ ಕಳಿಸುತ್ತಿದ್ದರು. ಇನ್ನೂರಕ್ಕೂ ಹೆಚ್ಚು ಎಂಜಿನ್ ಹೀಗೆ ಹೋಗಿವೆ. ಒಂದೇ ಒಂದು ವಿಮಾನ ಹಾರಿದ್ದನ್ನು ಈ ಮನುಷ್ಯ ಕಣ್ಣಾರೆ ನೋಡಿಲ್ಲ.

ಅವುಗಳ ಗುಣ ನನಗೂ ಗೊತ್ತು. ಸ್ಪಿರಿಟ್ಟಿನಂಥ ಮೆಥನಾಲಿಗೆ ಹರಳೆಣ್ಣೆ ಬೆರೆಸಿ ಕುಡಿಸಬೇಕು. ಮುಂದೆ ಮರದ ಫ್ಯಾನು. ಅದಕ್ಕೆ ಪ್ರೊಪೆಲ್ಲರ್ ಅನ್ನಬೇಕಂತೆ, ನಮ್ಮ ಮನೆಯಲ್ಲಿ ಅದು ಫ್ಯಾನೇ. ತಿರುಗುವಾಗ ಅದು ಕಣ್ಣಿಗೆ ಕಾಣುವುದಿಲ್ಲ, ಅಲ್ಲಿ ಏನೂ ಇಲ್ಲ ಅನ್ನಿಸುತ್ತದೆ. ಮೊದಲ ತಿಂಗಳೇ ಬರಿ ಬೆರಳಿನಲ್ಲಿ ಚಾಲೂ ಮಾಡಲು ಹೋಗಿ ಉಗುರು ಕಿತ್ತುಕೊಂಡರು. ಇನ್ನೊಂದು ಸಲ ಬಿರುಕು ಬಿಟ್ಟ ಫ್ಯಾನಿಗೆ ಗೋಂದು ಹಾಕಿ ಓಡಿಸಿದರು. ಅದರ ಚೂರು ಹಾರಿ ಬಚ್ಚಲ ಮನೆಯ ಪ್ಲಾಸ್ಟಿಕ್ ಬಕೆಟ್ಟಿನ ಈ ಕಡೆ ಹೊಕ್ಕು ಆ ಕಡೆ ಬಂತು. ಮತ್ತೊಂದು ಸಲ ಚೆಲ್ಲಿದ ಮೆಥನಾಲಿಗೆ ಕಿಡಿ ಬಿತ್ತು. ಅದರ ಉರಿ ಹಗಲು ಬೆಳಕಿನಲ್ಲಿ ಕಾಣುವುದೇ ಇಲ್ಲ. ಇವರು ಏನೂ ಆಗಿಲ್ಲವೆಂದು ನಿಂತಿದ್ದಾರೆ, ಮೊಣಕೈ ಕೂದಲು ಸುಟ್ಟ ವಾಸನೆ ಅಡುಗೆ ಮನೆಗೆ ಬಂತು. "ಏನಾಗಿಲ್ಲ ಬಿಡೇ" ಅನ್ನುವುದೊಂದೇ ಪ್ರತಿಸಲದ ಮಂತ್ರ. ನಾನು ಅತ್ತೂ ಬೈದೂ ನೋಡಿದೆ. ಬಿಡಿ ಅನ್ನಲು ಬಾಯಿಲ್ಲ, ಐವತ್ತೈದರ ವಯಸ್ಸಿನಲ್ಲಿ ಬೇರೆ ಕೆಲಸ ಯಾರು ಕೊಡುತ್ತಾರೆ? ಮಾಡಿ ಅನ್ನಲು ಎದೆಯಿಲ್ಲ. ಬಿಸಿತುಪ್ಪ ಬಾಯಿಗೆ ಹಾಕಿಕೊಂಡವರ ಹಾಗೆ ಏಳು ವರ್ಷ ಕಳೆದೆ.

ಆದರೆ ಒಂದು ಮಾತು ಹೇಳಲೇಬೇಕು. ಪೆಟ್ಟು ತಿಂದಷ್ಟೂ ಇವರು ಕಲಿತರು. ಚಾಲೂ ಮಾಡಲು ರಬ್ಬರು ಸುತ್ತಿದ ಕೋಲು ಬಂತು. ಫ್ಯಾನಿನ ನೇರಕ್ಕೆ ಯಾರೂ ನಿಲ್ಲಬಾರದು. ನಿಲ್ಲಿಸಬೇಕಾದರೆ ಹಿಂದಿನಿಂದ ಎಣ್ಣೆಯ ಪೈಪು ಹಿಚುಕಬೇಕು. ಈ ಎಂಜಿನ್ನಿನ ಗಾಳಿಯ ಬಾಯಿ ಫ್ಯಾನಿಗೆ ಒಂದೇ ಬೆರಳಿನಷ್ಟು ಹಿಂದಿದೆ, ಅಲ್ಲಿ ಕೈಯಿಡುವುದೂ ಹಾವಿನ ಹುತ್ತಕ್ಕೆ ಕೈಯಿಡುವುದೂ ಒಂದೇ. ಎಲ್ಲಕ್ಕಿಂತ ಮುಖ್ಯವಾಗಿ ಬೆಂಚು ಅಲುಗಬಾರದು. ನಮ್ಮ ಹಿತ್ತಲಲ್ಲಿ ಕಬ್ಬಿಣದ ಬೆಂಚಿನ ನಾಲ್ಕೂ ಕಾಲನ್ನು ಸಿಮೆಂಟಿನಲ್ಲಿ ಹೂತಿದ್ದರು.

ಹೋದ ವರ್ಷ ಪಕ್ಕದ ಮನೆಯ ಗುರುರಾಜ್ ಮೇಷ್ಟ್ರು ಬಂದು ಕುಳಿತರು. ರಿಟೈರಾದವರು, ಅವರ ತಾಯಿ ಹಾಸಿಗೆ ಹಿಡಿದಿದ್ದರು.

"ಓಬಳೇಶಪ್ಪ, ನಮ್ಮವ್ವ ಆ ಸದ್ದಿಗೆ ಬೆಚ್ಚಿ ಬೀಳ್ತಾಳೆ ಕಣಪ್ಪ. ನಾ ಏನ್ ಮಾಡ್ಲಿ ಹೇಳು."

ಮೇಷ್ಟ್ರದೂ ತಪ್ಪಲ್ಲ. ಆ ಸದ್ದಿಗೆ ಹಾಸಿಗೆ ಹಿಡಿದವರಿರಲಿ, ಗಟ್ಟಿಮುಟ್ಟಾದ ನನಗೇ ಹಲ್ಲು ಜುಂ ಅನ್ನುತ್ತಿತ್ತು. ಇವರು ಬೆಂಚನ್ನು ಕಿತ್ತು ಹಿಂದಿನ ಕೋಣೆಗೆ ಸಾಗಿಸಿದರು. ಮೊದಲು ಸೌದೆ ಹಾಕುತ್ತಿದ್ದ ಕೋಣೆ ಅದು. ಮಗಳು ಸುಷ್ಮಿತಾಗೆ ಓದಲು ಒಂದು ಜಾಗ ಬೇಕೆಂದು ನಾನು ವರ್ಷಗಟ್ಟಲೆ ಜಗಳವಾಡಿ ಸುಣ್ಣ ಬಳಿಸಿ, ಬಿಳಿ ಟೈಲ್ಸ್ ಹಾಕಿಸಿದ್ದೆ. ಹಾಕಿಸಿ ಎರಡು ತಿಂಗಳಾಗಿತ್ತು. ಮಗಳು ಅಷ್ಟರಲ್ಲಿ ದಾವಣಗೆರೆಯ ಹಾಸ್ಟೆಲಿಗೆ ಹೋಗಿದ್ದಳು. ಕೋಣೆ ಖಾಲಿಯಿತ್ತು, ಆದರೆ ನೆಲ ನನ್ನದು. ದಿನಾ ಒರೆಸಿ ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ನನ್ನ ಜೀವಮಾನದಲ್ಲಿ ನಾನು ಕೇಳಿ ಮಾಡಿಸಿಕೊಂಡದ್ದು ಅದೊಂದೇ.

ಇವರು ಪೇಟೆಯಿಂದ ಗೇಣುದ್ದದ ನಾಲ್ಕು ಬೋಲ್ಟು ತಂದರು. ಗಾರೆಯವನ ಹತ್ತಿರ ತೂತು ಕೊರೆಯುವ ಮಿಷನ್ ಇಸಿದುಕೊಂಡು ಬಂದರು. ಪ್ಲಗ್ ಸಿಕ್ಕಿಸುವಾಗ ನಾನು ಹೋಗಿ ನೆಲದ ಮೇಲೇ ಕುಳಿತೆ.

"ಇಲ್ಲಿ ತೂತು ಹಾಕೋದಾದ್ರೆ ನನ್ನ ತಲೆಗೇ ಮೊದ್ಲು ಹಾಕ್ರಿ."

"ಲೇ, ಬೋಲ್ಟ್ ಇಲ್ದಿದ್ರೆ ಬೆಂಚು ತಾನೇ ನಡ್ಕಂಡು ಹೋಗ್ತೈತೆ ಕಣೇ."

"ಕಲ್ಲು ಹೇರ್ರಿ. ಹಿತ್ಲಾಗೆ ಬೇಕಾದಷ್ಟು ಕಲ್ಲು ಅವೆ. ನೆಲ ಒಡೀಬ್ಯಾಡ್ರಿ, ನಿಮ್ಗೆ ಕೈ ಮುಗೀತೀನಿ."

ಅವರು ಪ್ಲಗ್ ಕಿತ್ತರು. ಬೆಂಚಿನ ನಾಲ್ಕು ಕಾಲಿನ ಅಡಿಪಟ್ಟಿಯ ಮೇಲೂ ಒಂದೊಂದು ಕಲ್ಲು ಹೇರಿದರು. ಗೆದ್ದೆನೆಂಬ ಖುಷಿಯಲ್ಲಿ ಅವತ್ತು ಹೋಳಿಗೆ ಮಾಡಿದ್ದೆ.

ಹತ್ತು ತಿಂಗಳು ಏನೂ ಆಗಲಿಲ್ಲ. ಸದ್ದು ಹೊರಗೆ ಹೋಗದಿರಲೆಂದು ಕಿಟಕಿಗೆ ಗೋಣಿಚೀಲ ತುರುಕಿದ್ದರು. ಎಂಜಿನ್ ಓಡುವಾಗ ಯಾರಾದರೂ ಫಕ್ಕನೆ ಒಳಗೆ ಬಂದು ಫ್ಯಾನಿನ ಮುಂದೆ ನಿಂತಾರೆಂದು ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿಕೊಳ್ಳುತ್ತಿದ್ದರು. ಅದೂ ಹುಷಾರಿಗಾಗಿಯೇ.

ಅವತ್ತು ಬೆಳಿಗ್ಗೆ ನಿರಂಜನ್ ಕಳಿಸಿದ ದೊಡ್ಡ ಎಂಜಿನ್ ಕಟ್ಟಿದ್ದರು. ಹದಿನೈದು ನಿಮಿಷ ಬಿಡದೆ ಓಡಿಸಿ ನೋಡಿ ಅಂತ ಚೀಟಿಯಿತ್ತು, ಟ್ಯಾಂಕು ತುಂಬಾ ಎಣ್ಣೆ ಹಾಕಿದ್ದರು. ನಾನು ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದೆ. ಸದ್ದು ಏರಿತು. ಮಧ್ಯೆ ಕಲ್ಲು ಉರುಳಿದ ಸದ್ದು ಕೇಳಿತು, ಆಮೇಲೆ ಕಬ್ಬಿಣ ಟೈಲ್ಸಿನ ಮೇಲೆ ಕಿರ್ ಎಂದು ಉಜ್ಜಿದ್ದು. ನನ್ನ ನೆಲ ಗೀಚಿತಲ್ಲ ಅಂತ ಮೊದಲು ಸಿಟ್ಟೇ ಬಂತು. ಇದನ್ನು ಹೇಳುವಾಗ ನನಗೆ ನಾಚಿಕೆಯಾಗುತ್ತದೆ.

ಬಾಗಿಲು ಬಡಿದೆ, ಉತ್ತರವಿಲ್ಲ. ಕಿಟಕಿಯ ಗೋಣಿಚೀಲ ಎಳೆದು ಹಾಕಿ ನೋಡಿದೆ. ಚೆಲ್ಲಿದ ಹರಳೆಣ್ಣೆಯಲ್ಲಿ ನೆಲ ಫಳಫಳ ಅನ್ನುತ್ತಿತ್ತು. ಮುಂದಿನ ಕಾಲಿನ ಮೇಲಿದ್ದ ಕಲ್ಲು ಜಾರಿ ಬಿದ್ದಿತ್ತು. ಅದನ್ನು ಎತ್ತಿಡಲು ಇವರು ಮುಂದಕ್ಕೆ ಹೋಗಿದ್ದಾರೆ. ಅಷ್ಟರಲ್ಲಿ ಬೆಂಚು ಗಿರಕ್ಕನೆ ತಿರುಗಿ ಇವರನ್ನು ಮೂಲೆಗೆ ಅಟ್ಟಿತ್ತು. ಬೆನ್ನು ಗೋಡೆಗೆ ಹತ್ತಿತ್ತು, ಎದೆಯಿಂದ ಒಂದು ಗೇಣು ದೂರದಲ್ಲಿ ಫ್ಯಾನು. ಬಲಗಾಲನ್ನು ಬೆಂಚಿನ ಕೆಳಗಿನ ಅಡ್ಡಪಟ್ಟಿಗೆ ಕೊಟ್ಟು ಅದು ಮುಂದೆ ಬಾರದ ಹಾಗೆ ಒತ್ತಿ ಹಿಡಿದಿದ್ದರು. ಎಂಜಿನ್ ಎಳೆಯುತ್ತಿತ್ತು, ಇವರು ಒದೆಯುತ್ತಿದ್ದರು. ಕಾಲು ತೆಗೆದರೆ ಫ್ಯಾನು ಎದೆಗೆ ಬರುತ್ತದೆ. ಕಾಲಿನಡಿ ಎಣ್ಣೆ. ಅಡಕತ್ತರಿಗೆ ಸಿಕ್ಕ ಅಡಿಕೆ ಅನ್ನುತ್ತಾರಲ್ಲ, ಅದನ್ನು ನಾನು ಅವತ್ತು ಕಣ್ಣಿಂದ ನೋಡಿದೆ.

ನಾನು ಕಿರುಚಿದೆ. ಕಿರುಚಿದ್ದು ನನಗೇ ಕೇಳಿಸಲಿಲ್ಲ. ಒದ್ದೆ ಸೀರೆಯನ್ನು ಉಂಡೆ ಮಾಡಿ ಕಿಟಕಿಯ ಸರಳಿನ ಸಂದಿಯಿಂದ ಫ್ಯಾನಿನತ್ತ ಎಸೆದೆ, ಅರ್ಧದಲ್ಲೇ ಬಿತ್ತು. ಗುರುರಾಜ್ ಮೇಷ್ಟ್ರು ಓಡಿ ಬಂದರು, ಒಳಗೆ ಇಣುಕಿದರು, ಮತ್ತೆ ಓಡಿದರು. ಹಾರೆ ತರುತ್ತಾರೆ ಅಂದುಕೊಂಡೆ. ಅವರು ಹೋಗಿ ನಮ್ಮ ಮನೆಯ ಕರೆಂಟಿನ ಮೇನ್ ಸ್ವಿಚ್ ಆರಿಸಿ ಬಂದರು.

"ಆರ್ಸಿದೆ, ಆರ್ಸಿದೆ, ಈಗ ನಿಲ್ತೈತೆ!" ಅಂತ ನನ್ನ ಕಿವಿಯ ಹತ್ತಿರ ಕೂಗಿದರು.

"ಅದು ಕರೆಂಟಿಂದಲ್ಲ ಮೇಷ್ಟ್ರೇ, ಹಾರೆ ತರ್ರಿ!" ಅಂದೆ. ಅವರು ಹಾರೆ ಹುಡುಕಲು ಓಡಿದರು. ಇವತ್ತು ನೆನೆದರೆ ನಗು ಬರುತ್ತದೆ, ನಕ್ಕರೆ ಪಾಪ ಅನ್ನಿಸುತ್ತದೆ.

ಒಳಗೆ ಹೊಗೆ ತುಂಬಿ ಇವರ ಮುಖ ಬೂದಿಬಣ್ಣಕ್ಕೆ ತಿರುಗಿತ್ತು. ನನ್ನ ಕಡೆ ನೋಡಿದರು. ತಲೆ ಆಡಿಸಿ ಹಿಂದೆ ಸರಿ ಅನ್ನುವಂತೆ ಸನ್ನೆ ಮಾಡಿದರು. ಕಾಲು ಎಣ್ಣೆಯಲ್ಲಿ ಒಂದು ಸಲ ಜಾರಿತು, ಮತ್ತೆ ಹಿಡಿಯಿತು. ಎಷ್ಟು ಹೊತ್ತು ಹಾಗಿದ್ದರೋ ನನಗೆ ಗೊತ್ತಿಲ್ಲ. ಟ್ಯಾಂಕು ಇನ್ನೂ ಅರ್ಧ ಇತ್ತು, ಎಣ್ಣೆ ಕಾಣುತ್ತಿತ್ತು. ಕೊನೆಗೆ ಮತ್ತೊಮ್ಮೆ ಕಾಲು ಜಾರತೊಡಗಿದಾಗ ಇವರು ಬಲಗೈಯನ್ನು ಫ್ಯಾನಿನ ಪಕ್ಕದಿಂದ ಸುತ್ತಿ ಹಿಂದಕ್ಕೆ ಚಾಚಿದರು. ಪೈಪು ಹಿಚುಕಬೇಕೆಂದೇ ಚಾಚಿದ್ದು. ಆದರೆ ಹೊಗೆ ಕುಡಿದು ತಲೆ ತಿರುಗಿದ ಮನುಷ್ಯನ ಕೈಗೆ ನೆನಪಿದ್ದದ್ದು ಹಳೆಯ ಪಂಪ್‌ಸೆಟ್ಟು. ಅಂಗೈ ಸೀದಾ ಗಾಳಿಯ ಬಾಯಿ ಮುಚ್ಚಲು ಹೋಯಿತು.

ಎಂಜಿನ್ ನಿಂತಿತು. ಚಿಲಕವನ್ನು ಅವರೇ ಎಡಗೈಯಲ್ಲಿ ತೆಗೆದರು. ಟೈಲ್ಸಿನ ಮೇಲೆ ಬಿದ್ದದ್ದನ್ನು ನಾನು ಹೇಳುವುದಿಲ್ಲ.

ಬಲಗೈಯ ತೋರುಬೆರಳು, ನಡುಬೆರಳು ಬುಡದಿಂದ ಹೋದವು. ಹೆಬ್ಬೆರಳಿನ ನರ ಹೊಲಿದರು, ಅದು ಮಡಚುವುದಿಲ್ಲ. ಚಿತ್ರದುರ್ಗದ ಆಸ್ಪತ್ರೆಯಲ್ಲಿ ಹೇಗಾಯಿತು ಅಂತ ಕೇಳಿದಾಗ ಇವರು "ಬೆಂಚಿಗೆ ಬೋಲ್ಟ್ ಹಾಕೋದು ಮರ್ತಿದ್ದೆ" ಅಂದರು. ನಾನು ಪಕ್ಕದಲ್ಲಿ ಸ್ಟೂಲಿನ ಮೇಲೆ ಕುಳಿತಿದ್ದೆ. ಮಗಳಿಗೂ ಹಾಗೇ ಹೇಳಿದರು, ನೋಡಲು ಬಂದ ನೆಂಟರಿಗೂ ಹಾಗೇ. ನನಗೆ ಒಂದು ಮಾತೂ ಅನ್ನಲಿಲ್ಲ. ಬೈದಿದ್ದರೆ ಅತ್ತು ಹಗುರಾಗುತ್ತಿದ್ದೆ. ನನ್ನ ಮೇಲಿನ ಪ್ರೀತಿಗೆ ಮುಚ್ಚಿಟ್ಟರು ಅಂದುಕೊಂಡೆ, ಆ ಪ್ರೀತಿ ನನ್ನನ್ನು ಹಗಲೆಲ್ಲ ಸುಡುತ್ತಿತ್ತು.

ಮನೆಗೆ ಬಂದ ಮೂರನೇ ವಾರ ನಿರಂಜನ್ ಹಣ್ಣು ತೆಗೆದುಕೊಂಡು ಬಂದರು. ಮೇಷ್ಟ್ರೂ ಇದ್ದರು. ಪಾಪ, ನಿರಂಜನ್ ಕಣ್ಣಲ್ಲಿ ನೀರಿತ್ತು.

"ಬೋಲ್ಟ್ ಇಲ್ಲದೆ ಓಡಿಸಬೇಡಿ ಅಂತ ನಾನೇ ಹೇಳಿದ್ದೆನಲ್ಲ ಓಬಳೇಶಪ್ಪನವರೇ. ನಿಮ್ಮಂಥವರು ಹೀಗೆ ಮಾಡಬಹುದಾ?"

"ನಂದೇ ತಪ್ಪು ಸರ್. ಮರ್ತೆ."

ನನಗೆ ತಡೆಯಲಾಗಲಿಲ್ಲ. ಕಾಫಿ ತಟ್ಟೆ ಕೆಳಗಿಟ್ಟೆ.

"ಮರೀಲಿಲ್ಲ ಸರ್. ಬೋಲ್ಟ್ ತಂದಿದ್ರು, ತೂತು ಹಾಕೋ ಮಿಷನ್ನೂ ತಂದಿದ್ರು. ನಾನೇ ನೆಲದ ಮೇಲೆ ಕುಂತು ಬ್ಯಾಡ ಅಂದೆ. ಟೈಲ್ಸ್ ಹಾಳಾಗ್ತವೆ ಅಂತ."

ಇವರು ನಕ್ಕರು.

"ಇವಳ್ದು ಇದೇ ಆಗೈತೆ ಸರ್. ನಾ ಎಡವಿ ಬಿದ್ರೂ, ನಾ ಕಸ ಗುಡಿಸಿರ್ಲಿಲ್ಲ ಅದ್ಕೇ ಬಿದ್ರು ಅಂತಾಳೆ. ನೀವು ಕಾಫಿ ಕುಡೀರಿ."

ಮೇಷ್ಟ್ರು ನನ್ನ ಕಡೆ ತಿರುಗಿ ಕೈಮುಗಿದೇಬಿಟ್ಟರು. "ಗಂಡನ ತಪ್ಪನ್ನ ತನ್ನ ತಲೆಗೆ ಕಟ್ಕಳ್ಳೋ ಹೆಣ್ಮಗಳು! ಏಕಾಂತಮ್ಮ, ಈ ಕಾಲ್ದಾಗೆ ನಿನ್ನಂಥೋರು ಎಲ್ಲವ್ರೆ ತಾಯಿ?" ನಿರಂಜನ್ ಕೂಡ ನನ್ನನ್ನು ದೇವರ ಪಟ ನೋಡಿದಂತೆ ನೋಡಿದರು. ನಾನು ನಿಜ ಹೇಳಿದ್ದೇನೆ ಅಂತ ಎರಡು ಸಲ ಹೇಳಿದೆ. ಹೇಳಿದಷ್ಟೂ ನಾನು ಒಳ್ಳೆಯವಳಾಗುತ್ತಿದ್ದೆ. ಆ ವಾರದೊಳಗೆ ಬೀದಿಗೆಲ್ಲ ನನ್ನ ಕೀರ್ತಿ ಹಬ್ಬಿತು.

ಅವರು ಹೋದ ಮೇಲೆ ಊಟಕ್ಕೆ ಕುಳಿತೆವು. ಎಡಗೈಯಲ್ಲಿ ಮುದ್ದೆ ಮುರಿಯಲು ಇವರಿಗೆ ಇನ್ನೂ ಬರುವುದಿಲ್ಲ, ನಾನೇ ಉಣಿಸುತ್ತೇನೆ.

"ಯಾಕೆ ಹಂಗಂದ್ರಿ? ನನ್ನ ಮರ್ಯಾದೆ ಉಳಿಸಾಕಾ?" ಅಂದೆ.

"ನಿಂದಲ್ಲ, ನಂದು." ತಟ್ಟೆ ನೋಡುತ್ತಾ ಹೇಳಿದರು. "ಮರ್ತೆ ಅಂದ್ರೆ, ಮನುಷ್ಯ, ಮರೀತಾನೆ ಅಂತಾರೆ. ಹೆಂಡ್ತಿ ಮಾತು ಕೇಳಿ ಬೋಲ್ಟ್ ಬಿಟ್ಟ ಅಂದ್ರೆ? ನಾಳೆ ಯಾವನು ನಂಗೆ ಎಂಜಿನ್ ತಂದು ಕೊಡ್ತಾನೆ? ಇನ್ನೊಂದ್ಸಲ ಯಾರ ಮುಂದೂ ಆ ಮಾತು ಎತ್ಬ್ಯಾಡ."

ನನ್ನ ಕೈ ತಟ್ಟೆಯಲ್ಲೇ ನಿಂತಿತು. ಪ್ರೀತಿ ಅಂದುಕೊಂಡಿದ್ದೆನಲ್ಲ. ಇವರು ಒಂದನ್ನೂ ಮರೆತಿರಲಿಲ್ಲ, ನಾನು ನೆಲದ ಮೇಲೆ ಕುಳಿತದ್ದು, ಕೈಮುಗಿದದ್ದು, ಹೋಳಿಗೆ ಬಡಿಸಿದ್ದು. ಯಾರ ಮಾತಿನಿಂದ ಕೈ ಹೋಯಿತೆಂದು ಅವರಿಗೂ ನನ್ನಷ್ಟೇ ಚೆನ್ನಾಗಿ ಗೊತ್ತಿತ್ತು. ಹೊರಗೆ ಹೇಳಿದರೆ ಅವರ ಹೆಸರು ಹೋಗುತ್ತದೆ, ಒಳಗೆ ಹೇಳಲು ಅವರಿಗೆ ಮನಸ್ಸಿಲ್ಲ.

"ಒಂದ್ಸಲ ಬೈದ್ಬಿಡ್ರಿ ನನ್ನ," ಅಂದೆ. "ಇಲ್ಲಿ ಯಾರೂ ಇಲ್ಲ. ಒಂದೇ ಸಲ."

ಅವರು ಮುಂದಿನ ತುತ್ತಿಗೆ ಬಾಯಿ ತೆರೆದರು.