ಅಮ್ಮ ಬುಟ್ಟಿ ಇಳಿಸುವ ಕಲ್ಲು

ನಮ್ಮಮ್ಮ ಸೊಪ್ಪು ಮಾರುತ್ತಾಳೆ. ನಾನು ಟೀಚರಾಗಿ ಸಂಬಳ ತರೋಕೆ ಶುರುಮಾಡಿದ ಮೇಲೂ ಬಿಟ್ಟಿಲ್ಲ. "ಸಾಕು ಬಿಡಮ್ಮಾ" ಅಂದರೆ, "ನಿನ್ನ ಮುಖ ನೋಡ್ಕೊಂಡು ಮನೇಲಿ ಕೂತ್ಕೊಳ್ಳಾ?" ಅಂತಾಳೆ. ಮಾರ್ಕೆಟಿನಿಂದ ಗಾಂಧಿ ಬಜಾರಿನವರೆಗೆ ಆಟೋ, ಅಲ್ಲಿಂದ ಮುಂದೆ ತಲೆಹೊರೆ. ದಂಟು, ಮೆಂತ್ಯ, ಸಬ್ಬಸಿಗೆ ತುಂಬಿದ ಬುಟ್ಟಿ ಹೊತ್ತು ಎನ್.ಆರ್. ಕಾಲೋನಿಯ ಬೀದಿ ಬೀದಿ ಸುತ್ತುತ್ತಾಳೆ.

ತುಂಬಿದ ಬುಟ್ಟಿ ಇಳಿಸೋಕೆ, ಮತ್ತೆ ಎತ್ತೋಕೆ ಇನ್ನೊಬ್ಬರ ಕೈ ಬೇಕು. "ಸ್ವಲ್ಪ ಕೈ ಹಾಕಿ" ಅಂತ ಯಾರನ್ನೂ ಕೇಳೋ ಜಾತಿಯಲ್ಲ ನಮ್ಮಮ್ಮ. ಕೇಳಬೇಕಾಗಿಯೂ ಇರಲಿಲ್ಲ, ಯಾಕೆಂದರೆ ಕಾಲೋನಿಯ ಒಂದು ಮೂಲೆಯಲ್ಲಿ ಹೊರೆಗಲ್ಲು ಇತ್ತು. ಎರಡು ಕಲ್ಲುಕಂಬ, ಮೇಲೊಂದು ಅಡ್ಡ ಚಪ್ಪಡಿ, ಅಷ್ಟೇ. ಹಿಂದಿನ ಕಾಲದಲ್ಲಿ ಸಂತೆಗೆ ನಡೆದು ಹೋಗೋರು ಹೊರೆ ಇಳಿಸಿ ಸುಧಾರಿಸಿಕೊಳ್ಳಲಿ ಅಂತ ಯಾರೋ ಪುಣ್ಯಾತ್ಮರು ನೆಡಿಸಿದ್ದು. ಅಮ್ಮ ಅದರ ಮುಂದೆ ನಿಂತು ಬುಟ್ಟಿಯನ್ನು ತಲೆಯಿಂದ ಸೀದಾ ಚಪ್ಪಡಿಗೆ ಜಾರಿಸಿ, ಸೆರಗಲ್ಲಿ ಮುಖ ಒರೆಸಿಕೊಂಡು, ಅಲ್ಲೇ ವ್ಯಾಪಾರ ಮುಗಿಸಿ, ಮತ್ತೆ ಬುಟ್ಟಿಗೆ ತಲೆ ಕೊಟ್ಟು ಹೊರಡೋಳು. ಈಚೆಗೆ ವಯಸ್ಸಾಗಿ ಕುಗ್ಗಿದ್ದಾಳೆ, ಬುಟ್ಟಿ ಇಳಿಸೋಕೆ ತುದಿಗಾಲಲ್ಲಿ ನಿಲ್ಲಬೇಕು. ಹಾಗಂತ ಹೇಳಿದರೆ ಒಪ್ಪಲ್ಲ. "ನಾನ್ಯಾಕ್ ಕುಗ್ಲಿ? ಕಲ್ಲೇ ಬೆಳ್ದದೆ" ಅಂತಾಳೆ.

ಹೋದ ವರ್ಷ ಆ ಬೀದಿಗೆ ಫುಟ್‌ಪಾತ್ ಕೆಲಸ ಬಂತು. ಕಂಟ್ರಾಕ್ಟರ್ ಕಡೆಯವರು ಹೊರೆಗಲ್ಲಿನ ಮೇಲೆ ಕೆಂಪು ಬಣ್ಣದಲ್ಲಿ ಗುರುತು ಹಾಕಿ ಹೋದರು. ಕೀಳೋದು ಅಂತ ಅರ್ಥ. ನನಗೆ ಮೈಯೆಲ್ಲ ಉರಿದುಹೋಯಿತು. ಶಾಲೆಗೆ ರಜೆ ಹಾಕಿ ರಸ್ತೆ ಆಫೀಸಿಗೆ ಹೋದೆ. "ಹಳೇ ಕಲ್ಲು ನಮಗೆ ಬರಲ್ಲ, ಅದಕ್ಕೆ ಬೇರೆ ಆಫೀಸಿದೆ" ಅಂದರು. ಹಳೇ ಕಲ್ಲಿನ ಆಫೀಸಿಗೆ ಹೋದೆ. "ನಮ್ಮ ಪಟ್ಟಿಯಲ್ಲಿಲ್ಲ. ಬೀದೀಲಿದೆ ಅಂದ್ರೆ ರಸ್ತೆಯವರದ್ದು" ಅಂದರು.

"ಪಟ್ಟಿಯಲ್ಲಿಲ್ಲ ಅಂದ್ರೆ ಸೇರಿಸಿ ಸಾರ್! ಅದಕ್ಕೆ ತಾನೇ ನೀವಿರೋದು?" ಅಂದೆ. ಮಕ್ಕಳಿಗೆ ಪಾಠ ಮಾಡೋ ಗಂಟಲು, ಸ್ವಲ್ಪ ಜೋರಾಗೇ ಬಂತು. ಮನೇಲಿರೋ ಅಜ್ಜಿ ಕಾಲದ ಚೊಂಬನ್ನ ನಾವು ಜೋಪಾನ ಮಾಡ್ತೀವಪ್ಪ, ಊರಿನ ಬೀದೀಲಿರೋದನ್ನ ಯಾರು ಮಾಡಬೇಕು? ಸರ್ಕಾರ ಅಲ್ಲದೆ ಇನ್ಯಾರು, ನಮ್ಮ ಸೊಪ್ಪಿನ ಬುಟ್ಟಿಯೇ? ಒಳಗಿನ ಮೇಜಿನಿಂದ ಒಬ್ಬ ಮೇಡಂ ತಲೆಯೆತ್ತಿ, "ಕೂಗಾಡ್ಬೇಡಿ, ಈ ವಾರ ಬಂದು ನೋಡ್ತೀನಿ" ಅಂದರು.

ಈ ಕಥೆಯನ್ನೆಲ್ಲ ಕಲ್ಲಿನ ಎದುರಿನ ಮೂಲೆಮನೆ ಆಂಟಿಗೆ ಹೇಳಿದೆ. ಅಮ್ಮನ ಹತ್ತಿರ ಚೌಕಾಸಿ ಮಾಡದೆ ಒಂದು ಕಟ್ಟು ಕೊತ್ತಂಬರಿಯನ್ನೂ ಕೊಂಡವರಲ್ಲ ಅವರು, ಆದರೆ ಅಮ್ಮ ಒಂದು ದಿನ ಬರದಿದ್ದರೆ ಫೋನ್ ಮಾಡಿ ವಿಚಾರಿಸೋರು. "ಅವರು ಬರೋ ಹೊತ್ಗೆ ಕಲ್ಲು ಇದ್ರೆ ತಾನೇ? ನೀನು ಸುಮ್ನಿರು, ನಾನು ನೋಡ್ಕೋತೀನಿ" ಅಂದರು. ಮಾರನೇ ಬೆಳಿಗ್ಗೆ ನೋಡಿದರೆ ಕಂಬಕ್ಕೆಲ್ಲ ಅರಿಶಿನ, ಕುಂಕುಮ, ಚೆಂಡುಹೂವಿನ ಹಾರ, ಮುಂದೊಂದು ದೀಪ! ಕೀಳೋಕೆ ಬಂದ ಜೆಸಿಬಿ ಡ್ರೈವರ್ ಕೆಳಗಿಳಿದ, ಚಪ್ಪಲಿ ಬಿಟ್ಟ, ಕೈ ಮುಗಿದ, ಗಾಡಿ ತಿರುಗಿಸಿಕೊಂಡು ಪಕ್ಕದ ಬೀದಿಗೆ ಹೋದ. ನಾವೆಲ್ಲ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಿದ್ದೇ ನಕ್ಕಿದ್ದು.

ನಗು ಬಹಳ ದಿನ ಉಳೀಲಿಲ್ಲ. ವಿಷಯ ಗೊತ್ತಿಲ್ಲದ ಜನ ನಿಜವಾಗಲೂ ಪ್ರದಕ್ಷಿಣೆ ಹಾಕೋಕೆ ಶುರುಮಾಡಿದರು. ಯಾರೋ ಗಂಟೆ ಕಟ್ಟಿದರು. ಅಮ್ಮ ಎಂದಿನ ಹಾಗೆ ಬುಟ್ಟಿ ಹೊತ್ತು ಹತ್ತಿರ ಹೋದರೆ, "ದೇವರ ಮೇಲೆ ಸೊಪ್ಪಿನ ಬುಟ್ಟಿ ಇಡ್ತಾರೇನಮ್ಮಾ?" ಅಂತ ತಡೆದರು. ಆವತ್ತು ಅಮ್ಮ ಒಬ್ಬ ಆಟೋ ಡ್ರೈವರನ್ನು ಕರೆದು ಬುಟ್ಟಿ ಇಳಿಸಿಕೊಂಡಳಂತೆ. ಸಂಜೆ ಮನೆಗೆ ಬಂದು, "ಕಲ್ಲೇನೋ ಉಳ್ಕೊತು, ನನ್ ಪಾಲಿಗೆ ಹೋಯ್ತು. ಇನ್ನು ಬುಟ್ಟಿ ಬಿಟ್ಬಿಡ್ತೀನಿ ಕಣೆ" ಅಂದಳು. ಬಿಡು ಬಿಡು ಅಂತ ವರ್ಷಗಟ್ಟಲೆ ಪೀಡಿಸಿದವಳು ನಾನೇ. ಈಗ ಅವಳ ಬಾಯಲ್ಲೇ ಆ ಮಾತು ಬಂದಾಗ ನನಗೇ ಬೇಡವಾಯಿತು.

"ನಾಳೆ ಬಂದು ನೋಡ್ತೀನಿ ಅಂತ ಆ ಮೇಡಂ ಫೋನ್ ಮಾಡಿದ್ರು. ಅದೊಂದು ದಿನ ಹೊತ್ಕೊಂಡು ಬಾರಮ್ಮಾ" ಅಂತ ಗೋಗರೆದೆ.

ಮೇಡಂ ಹೇಳಿದ ಹಾಗೆ ಬಂದರು. ಸುತ್ತ ನೋಡಿ ಹುಬ್ಬು ಗಂಟಿಕ್ಕಿದರು. "ಇದು ದೇವರಾಗ್ಬಿಟ್ಟಿದೆಯಲ್ರೀ! ದೇವಸ್ಥಾನಗಳಿಗೆ ಬೇರೆ ಆಫೀಸು."

ಅಯ್ಯೋ ಶಿವನೇ, ಮೂರನೇ ಆಫೀಸು! ನಾನು ಬಾಯಿ ತೆರೆಯೋದರೊಳಗೆ ಅಮ್ಮ ಬೀದಿ ತಿರುವಿನಲ್ಲಿ ಕಾಣಿಸಿಕೊಂಡಳು. ಬುಟ್ಟಿ ಹೊತ್ತು ಸೀದಾ ಕಲ್ಲಿನ ಮುಂದೆ ಬಂದು ನಿಂತಳು. ತಡೆಯೋಕೆ ಬಂದವರ ಕಡೆ ತಿರುಗಿಯೂ ನೋಡಲಿಲ್ಲ. "ತಾಯೀ," ಅಂದಳು, ಬೀದಿಗೆಲ್ಲ ಕೇಳೋ ಹಾಗೆ, "ನೀನು ಕಲ್ಲಾಗಿದ್ದಾಗ್ಲೇ ನನ್ ಭಾರ ಹೊತ್ತಿದ್ದೀಯ. ಈಗ ದೇವ್ರಾಗಿದ್ದೀಯ, ಹೊರಲ್ಲ ಅಂತೀಯಾ?" ತುದಿಗಾಲಲ್ಲಿ ನಿಂತು, ಎರಡೂ ಕೈಯಲ್ಲಿ ಬುಟ್ಟಿ ಎತ್ತಿ, ಹಾರದ ಪಕ್ಕಕ್ಕೆ ಜಾರಿಸಿಬಿಟ್ಟಳು.

ಮೊದಲು ನಕ್ಕವರು ಮೂಲೆಮನೆ ಆಂಟಿ. ಆಮೇಲೆ ಪ್ರದಕ್ಷಿಣೆ ಹಾಕುತ್ತಿದ್ದ ಹೆಂಗಸರೂ ನಕ್ಕರು. ಮೇಡಂ ಮಾತ್ರ ಬುಟ್ಟಿಯನ್ನೇ ನೋಡುತ್ತಾ ನಿಂತಿದ್ದರು. "ಹೊರೆಗಲ್ಲುಗಳನ್ನ ಎಷ್ಟೋ ನೋಡಿದೀನಿ. ಹೊರೆ ಇಳಿಸಿದ್ದನ್ನ ಇವತ್ತೇ ನೋಡಿದ್ದು" ಅಂತ ಸಡಗರದಿಂದ ಫೋಟೋ ತೆಗೆದರು. ಆಂಟಿ ತಾವೇ ನೀರು ತಂದು ಕುಂಕುಮ ತೊಳೆದರು. ಮೇಡಂ ಟೇಪ್ ಹಿಡಿದು ಕಲ್ಲಿನ ಉದ್ದ, ಅಗಲ, ಎತ್ತರ ಅಳೆದರು. ಪಕ್ಕದಲ್ಲಿದ್ದ ಅಮ್ಮ ಯಾಕೋ ಬೆನ್ನು ನೆಟ್ಟಗೆ ಮಾಡಿಕೊಂಡು ನಿಂತಳು.

"ಬೇಲಿಗೀಲಿ ಹಾಕ್ಬಿಟ್ಟೀರಾ ಮತ್ತೆ!" ಅಂದಳು.

"ಇಲ್ಲಮ್ಮ. ಇನ್ಮೇಲೆ ಇದು ನಮ್ಮ ಜವಾಬ್ದಾರಿ. ರಸ್ತೆಯವರಿಗೂ ನಾನೇ ಹೇಳ್ತೀನಿ" ಅಂದರು ಮೇಡಂ.

ಹೇಳಿದರು ಕೂಡ. ಕಲ್ಲು ಪಟ್ಟಿಗೆ ಸೇರಿತು, ಪಕ್ಕದಲ್ಲೊಂದು ಸಣ್ಣ ಬೋರ್ಡು ಬಂತು. ಬರೀ ಮಣ್ಣಿದ್ದ ಜಾಗದಲ್ಲಿ ಎತ್ತರದ ಫುಟ್‌ಪಾತ್ ಬಂದು ಕಂಬಗಳ ಸುತ್ತ ಕೂತಿತು. ಮೊದಲನೇ ದಿನ ಅಮ್ಮನ ಜೊತೆ ನಾನೂ ಹೋಗಿದ್ದೆ. ಅವಳು ಫುಟ್‌ಪಾತ್ ಹತ್ತಿ ಕಲ್ಲಿನ ಮುಂದೆ ನಿಂತಳು. ಚಪ್ಪಡಿ ಸರಿಯಾಗಿ ಅವಳ ಕಿವಿ ಮಟ್ಟಕ್ಕಿತ್ತು. ಬುಟ್ಟಿ ತಾನಾಗೇ ಜಾರಿ ಕೂತಿತು. ಹಿಮ್ಮಡಿ ನೆಲ ಬಿಡಲೇ ಇಲ್ಲ.

ಅಮ್ಮ ತನ್ನ ಕಾಲು ನೋಡಿಕೊಂಡಳು, ಚಪ್ಪಡಿ ನೋಡಿದಳು, ಆಮೇಲೆ ನನ್ನ ಕಡೆ ತಿರುಗಿದಳು. ಮುಖ ಅರಳಿಹೋಗಿತ್ತು.

"ನೋಡ್ದಾ? ಆವತ್ತು ಆ ಮೇಡಂ ಟೇಪ್ ಹಿಡ್ದು ನನ್ನೇ ಅಳ್ಕೊಂಡ್ ಹೋದ್ರು. ಸರ್ಕಾರದೋರು ನನ್ ಎತ್ರಕ್ಕೇ ಕಟ್ಟವ್ರೆ."

ಬೀದಿ ಉದ್ದಕ್ಕೂ ಫುಟ್‌ಪಾತ್ ಅಷ್ಟೇ ಎತ್ತರ ಇತ್ತು.

"ಹೂಂ ಕಣಮ್ಮಾ, ನಿನ್ ಎತ್ರಕ್ಕೇ ಕಟ್ಟಿದ್ದಾರೆ" ಅಂದೆ.