ನಕ್ಷತ್ರದ ಸುದ್ದಿ, ಗಂಗಮ್ಮನ ಸುದ್ದಿ

ಕಪ್ಪು ಕನ್ನಡಕ ಹಾಕಿಕೊಂಡು ಬ್ಲ್ಯಾಕ್ ಹೋಲ್ ಬಗ್ಗೆ ತಿಳಿಯಲು ಹೊರಟವರನ್ನು ನೀವು ನೋಡಿದ್ದೀರಾ? ನಾನು ನೋಡಿದ್ದೇನೆ. ನಮ್ಮತ್ತೆ!

ಕಡೂರಿನ ಕಾಲೇಜು ಮೈದಾನದಲ್ಲಿ ಕಳೆದ ಶನಿವಾರ ಸಂಜೆ ಆಕಾಶ ವೀಕ್ಷಣೆ ಇತ್ತು. ಅತ್ತೆಗೆ ಕಣ್ಣಿನ ಪೊರೆ ಆಪರೇಷನ್ ಆಗಿ ಎರಡು ವಾರ. ಬಗ್ಗಿ ಟೆಲಿಸ್ಕೋಪ್ ನೋಡುವಂತಿಲ್ಲ. ಭಾಷಣವನ್ನಾದರೂ ಕೇಳುತ್ತೇನೆಂದು ಹಟ ಹಿಡಿದರು.

ಇದರ ಮಧ್ಯೆ ನಾನೊಂದು ಗುಟ್ಟು ಹೊತ್ತುಕೊಂಡಿದ್ದೆ. ಆಪರೇಷನ್ನಿನ ಮಾರನೇ ದಿನವೇ ಅತ್ತೆಯ ಬಾಲ್ಯದ ಗೆಳತಿ, ಶಿವನಿಯ ಗಂಗಮ್ಮ ತೀರಿಕೊಂಡಿದ್ದರು. ಹೊಸ ಕಣ್ಣಿನಲ್ಲಿ ಅಳಬಾರದು ಅಂತ ಅಕ್ಕಪಕ್ಕದವರೆಲ್ಲ ಹೇಳಿದ್ದರು. ಹಾಗಾಗಿ ಸೋಮವಾರ ಸೋಮವಾರ ಬರುತ್ತಿದ್ದ ಗಂಗಮ್ಮನ ಫೋನ್ ಯಾಕೆ ಬಂದಿಲ್ಲ ಎಂದು ಅತ್ತೆ ಕೇಳಿದಾಗ, 'ಅವರ ಫೋನ್ ಕೆಟ್ಟಿದೆಯಂತೆ' ಅಂದಿದ್ದೆ. (ಸುಳ್ಳು ಹೇಳಿದರೆ ಪಾಪ ಎಂದು ಕಲಿಸಿದ ಕಾನ್ವೆಂಟಿನ ಸಿಸ್ಟರ್‌ಗಳು ಕ್ಷಮಿಸಲಿ.)

ಮೈದಾನದಲ್ಲಿ ಲೆಕ್ಚರರ್ ಒಬ್ಬರು ಗಾಮಾ ಕಿರಣ ಸ್ಫೋಟದ ಬಗ್ಗೆ ಚೆನ್ನಾಗಿ ಹೇಳಿದರು. ದೈತ್ಯ ನಕ್ಷತ್ರವೊಂದು ಸತ್ತು ಕಪ್ಪುಕುಳಿ ಆಗುವಾಗ ಕೆಲವೇ ಕ್ಷಣ ಭಾರೀ ಬೆಳಕು ಹೊಮ್ಮುತ್ತದಂತೆ. ಆ ಬೆಳಕು ನಮ್ಮನ್ನು ಮುಟ್ಟಲು ಕೋಟಿಗಟ್ಟಲೆ ವರ್ಷ.

ಪ್ರಶ್ನೆ ಇದ್ದರೆ ಕೇಳಿ ಅಂದರು. ಎದ್ದು ನಿಂತವರು ಯಾರು? ನಮ್ಮತ್ತೆಯೇ.

"ಸತ್ತ ಸುದ್ದಿ ಬರೋವರ್ಗೂ ನಮ್ ಪಾಲಿಗೆ ಅದು ಬದುಕೇ ಇರ್ತದಲ್ವಾ ಸ್ವಾಮಿ?"

ಒಳ್ಳೆಯ ಪ್ರಶ್ನೆ ಎಂದರು ಲೆಕ್ಚರರ್. ಹೌದಂತೆ. ಬೆಳಕು ಎಲ್ಲೂ ನಿಲ್ಲದೆ ಓಡೋಡಿ ಬಂದರೂ ತಡವಾಗುತ್ತದಂತೆ, ಅಷ್ಟು ದೂರವಂತೆ. ಎಲ್ಲರೂ ಚಪ್ಪಾಳೆ ತಟ್ಟಿದರು. ನನ್ನ ಕೈ ಮೇಲೇಳಲಿಲ್ಲ.

ಮನೆಗೆ ಆಟೋದಲ್ಲಿ ಬರುವಾಗ ಅತ್ತೆ ಮೆಲ್ಲಗೆ ಕೇಳಿದರು.

"ಕಡೂರಿಂದ ಶಿವನಿ ರೈಲ್ನಾಗೆ ಎಷ್ಟೊತ್ತಿನ ದಾರಿ ಕಣೇ?"

"ಒಂದು ಗಂಟೆ ಅತ್ತೆ."

"ಮತ್ತೆ ಗಂಗಿ ಸುದ್ದಿ ಯಾಕಿನ್ನೂ ಬಂದಿಲ್ಲ? ಫೋನ್ ಕೆಟ್ರೆ ಪಕ್ಕದ್ ಮನೆಯಿಂದಾದ್ರೂ ಮಾಡ್ತಿದ್ಲು. ಎರಡು ಸೋಮವಾರ ಮಾತಾಡ್ದೆ ಇರೋ ಹೆಂಗ್ಸಲ್ಲ ಅವ್ಳು."

ಹೇಳಿಬಿಟ್ಟೆ. ಇನ್ನೇನು ಮಾಡಲಿ?

ಅತ್ತೆ ಕನ್ನಡಕ ತೆಗೆದರು. ಅತ್ತರು. ಡಾಕ್ಟರ್ ಹೇಳಿಕೊಟ್ಟಿದ್ದಂತೆಯೇ ಕಣ್ಣು ಉಜ್ಜದೆ, ಕೆನ್ನೆಯನ್ನಷ್ಟೇ ಸೆರಗಿನ ತುದಿಯಿಂದ ಒತ್ತಿಕೊಂಡರು. ಬೈಯುತ್ತಾರೆಂದು ಕಾದೆ. ಬೈಯಲಿಲ್ಲ. ನನ್ನ ಕೈ ಹಿಡಿದುಕೊಂಡರು.

"ಪಾಪ, ಎರಡು ವಾರ ಒಬ್ಳೇ ಹೊತ್ಕೊಂಡು ತಿರುಗಿದ್ಯಲ್ಲೇ."

ಈಗ ನಾನೂ ಅತ್ತುಬಿಟ್ಟೆ. ಆಟೋದವರು ನಿಧಾನಕ್ಕೆ ಓಡಿಸಿದರು.

ಮಂಗಳವಾರ ಚೆಕಪ್‌ಗೆ ಹೋದಾಗ, ಅಳಬಾರದಿತ್ತಲ್ವಾ ಡಾಕ್ಟ್ರೇ ಎಂದು ಹೆದರುತ್ತಲೇ ಕೇಳಿದೆ. ಅವರು ನಕ್ಕರು. ಉಜ್ಜಬಾರದು ಅಷ್ಟೇ, ಅತ್ತರೆ ಏನೂ ಆಗುವುದಿಲ್ಲ, ಅಳಬಾರದು ಅಂತ ಯಾರು ಹೇಳಿದರು ನಿಮಗೆ ಅಂದರು.

ಹಾಗಾದರೆ ಎರಡು ವಾರ ನಾನು ಕಾಪಾಡಿದ್ದು ಯಾರ ಕಣ್ಣನ್ನು?